ಅಡಚಣೆಗಾಗಿ ಕ್ಷಮಿಸಿ

ನಾಡು ನೋಡಿದ ನನ್ನ ಮೊದಲ ಕೃತಿ ಎರಡೇ ಪದದ್ದು:
ಅಡಚಣೆಗಾಗಿ ಕ್ಷಮಿಸಿ.
ಕರಿ ರಟ್ಟು, ಬಿಳಿ ಪೋಸ್ಟರ್ ಬಣ್ಣ, ಮೂರನೇ ನಂಬರಿನ ಕುಂಚ,
ಜೆ.ಸಿ. ನಗರದ ಕೇಂದ್ರದಲ್ಲಿ ದಿನಗೂಲಿ ಹುಡುಗಿ ನಾನು.
ಟೇಪು ಸಿಕ್ಕಿಕೊಂಡ ಒಂದು ಬುಧವಾರ ಸಂಜೆ
ಹನ್ನೊಂದು ನಿಮಿಷ ನಿಂತಿತ್ತು ನನ್ನ ಕೈಬರಹ
ಊರೂರ ಪರದೆಗಳ ಮೇಲೆ, ಮಿಸುಕದೆ.

ಬಳೇಪೇಟೆಯ ರೇಡಿಯೊ ಅಂಗಡಿಯ ಗಾಜಿನಾಚೆ ನಿಂತು
ಅಪ್ಪ ಅದನ್ನು ಕೊನೆಯವರೆಗೂ ನೋಡಿದರಂತೆ.
ಬೋರ್ಡು ಬರೆಯುವ ಹನುಮೋಜಿರಾಯರು;
ಪೇಟೆಯ ಅರ್ಧ ಅಂಗಡಿಗಳಿಗೆ ಹೆಸರು ಬಂದದ್ದು ಅವರ ಕುಂಚದಿಂದ.
ನಾನು ಚಪ್ಪಲಿ ಬಿಡುವ ಮುಂಚೆಯೇ ಹೇಳಿದರು:
'ಕ್ಷ'ದ ಒತ್ತು ಎಡಕ್ಕೆ ವಾಲಿದೆ, ನೋಡ್ಕೊ.
ಆಮೇಲೆ ಬಂದ ವಿಮರ್ಶೆಗಳೆಲ್ಲ
ಇದಕ್ಕಿಂತ ಉದ್ದ, ಇದಕ್ಕಿಂತ ಸುಳ್ಳು.

ರಟ್ಟು ಹಿಡಿದವಳು ಕೇಬಲ್ಲು ಎಳೆದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ
ಮಂತ್ರಿಗಳಿಗೆ ಬೆರಳಲ್ಲಿ ಐದು ನಾಲ್ಕು ಮೂರು ತೋರಿಸಿದೆ,
ಕೃಷಿ ಕಾರ್ಯಕ್ರಮದಲ್ಲಿ ದೀಪದ ಕಾವಿಗೆ
ಬಾಡುವ ಸೊಪ್ಪಿಗೆ ನೀರು ಚಿಮುಕಿಸಿದೆ.
ನಿರ್ದೇಶಕಿಯಾದದ್ದು ಯಾರಿಗೋ ಜ್ವರ ಬಂದು.
ಹದಿಮೂರು ಕಂತು, ಕಬ್ಬನ್‌ಪೇಟೆಯ ಮಗ್ಗದ ಮನೆಗಳ ಕಥೆ;
ಸದ್ದು ನಿಲ್ಲಿಸಿ ಅಂದರೆ ಯಾರೂ ನಿಲ್ಲಿಸಲಿಲ್ಲ,
ಹಾಗೇ ಹಿಡಿದೆ, ಮಾತಿನ ಕೆಳಗೆ ಆ ಲಟಕ್ ಲಟಕ್.
ಚೆನ್ನಾಗಿ ಬಂದಿತ್ತು. ನೀವು ನಂಬಬೇಕು, ಅಷ್ಟೆ;
ಟೇಪು ಕಮ್ಮಿಯಿದ್ದ ವರ್ಷ ಅದರ ಮೇಲೇ
ಫಲಪುಷ್ಪ ಪ್ರದರ್ಶನ ತುಂಬಿಸಿದರು.

ಆಮೇಲೆ ಖಾಸಗಿ ಚಾನೆಲ್ಲು, ಆಮೇಲೆ ಸಾಲ, ಸ್ವಂತ ಬ್ಯಾನರು.
ನಾಗರಭಾವಿಯ ಬಾಡಿಗೆ ಮನೆ, ಹೊರಗೆ ಜನರೇಟರ್ ವ್ಯಾನಿನ ಗುರುಗುರು.
ಗೋಡೆ ಗಡಿಯಾರಕ್ಕೆ ಶೆಲ್ಲು ಹಾಕುವ ಹಾಗಿಲ್ಲ:
ಆ ಹಜಾರದಲ್ಲಿ ಆರು ವರ್ಷ ಹತ್ತೂ ಹತ್ತು.
ಅದೇ ಹತ್ತೂ ಹತ್ತರಲ್ಲಿ ಮೂರು ಮದುವೆ, ಒಂದು ವಿಷಪ್ರಾಶನ,
ಒಬ್ಬಳೇ ಸೊಸೆಗೆ ಇಬ್ಬರು ನಟಿಯರು.
ಗುರುವಾರ ಅಂಕಿ ಬರುತ್ತಿತ್ತು,
ಗುರುವಾರ ಯಾರೂ ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ.
ಪಾಯಿಂಟ್ ಮೂರು ಇಳಿದರೆ
ಯಾರಾದರೂ ಮೆಟ್ಟಿಲಿಂದ ಬೀಳಲೇಬೇಕು.

ಲಿಂಗರಾಜಣ್ಣನನ್ನು ಕೊಂದದ್ದು ಅದಕ್ಕಲ್ಲ.
ದಿನಕ್ಕೆ ಇನ್ನೂರು ಜಾಸ್ತಿ ಕೇಳಿದ್ದ.
ಕಥೆ ಬರೆಯುವ ಹುಡುಗನಿಗೆ ಹೇಳಿದೆ:
ಅಪ್ಪನಿಗೆ ಹೃದಯಾಘಾತ, ಪರದೆಯಾಚೆ.
ಮರುದಿನ ಬಾಕಿ ಚೆಕ್ಕಿಗೆಂದು ಬಂದವನು,
ಕೈಯಲ್ಲಿ ಟಿಫನ್ ಡಬ್ಬಿ,
ಆರ್ಟಿನವರು ತನ್ನ ಫೋಟೋ ಗೋಡೆಗೆ ಹಾಕುವುದನ್ನು ಕಂಡ.
ನಾನು ಮಾನಿಟರಿನ ಹಿಂದೆ ಸರಿದೆ.
ಡಬ್ಬಿ ಕೆಳಗಿಟ್ಟು ಸ್ಟೂಲು ಹತ್ತಿದ.
'ಮೊಳೆ ಇನ್ನೊಂಚೂರು ಮೇಲಿರ್ಲಿ ಮೇಡಂ,
ಸೊಸೆ ಅಳುವಾಗ ಫ್ರೇಮಿಗೆ ಬರಬೇಕಲ್ಲ.'
ತನ್ನದೇ ಹಾರ ಎರಡೂ ಕಡೆ ಸಮ ಮಾಡಿದ,
ಇಳಿದ, ದೂರ ನಿಂತು ನೋಡಿದ,
ಡಬ್ಬಿ ಮರೆತು ಹೋದ.

ಆ ಕಂತಿಗೆ ಅಂಕಿ ಏರಿತು.

ಮುಗಿಸಿ ಎಂದು ಚಾನೆಲ್ಲು ಹೇಳಿದ್ದು ವಾಟ್ಸಾಪಿನಲ್ಲಿ,
ಕೈಮುಗಿದ ಚಿತ್ರ ಹಾಕಿ.
ನಾಲ್ಕೇ ದಿನದಲ್ಲಿ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿ
ಒಬ್ಬರಿಗೊಬ್ಬರ ಕೈಯಿಂದ ಒಬ್ಬಟ್ಟು ತಿನ್ನಿಸಿದೆ.
ಸಾಮಾನೆಲ್ಲ ಈಗ ನನ್ನ ಹಿಂದಿನ ಕೋಣೆಯಲ್ಲಿ:
ಹತ್ತೂ ಹತ್ತರ ಗಡಿಯಾರ, ಪ್ಲಾಸ್ಟಿಕ್ ತುಳಸಿ, ಎರಡು ತೊಟ್ಟಿಲು.
ಡಬ್ಬಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮೊನ್ನೆ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಳು.
ಲಿಂಗರಾಜಣ್ಣನ ಮಗಳಂತೆ. ಅವನು ಹೋಗಿ ಒಂಬತ್ತು ದಿನ.
ಮನೆಯ ಫೋಟೋಗಳಲ್ಲೆಲ್ಲ ಪೇಟ, ಅಂಟು ಮೀಸೆ, ಗದೆ.
'ನಿಮ್ಮ ಸೀರಿಯಲ್ಲಲ್ಲಿ ಗೋಡೆ ಮೇಲಿತ್ತಲ್ಲ,
ಅದರಲ್ಲಿ ಅಪ್ಪ ಅಪ್ಪನ ಥರಾನೇ ಇದ್ರು.'

ಒರೆಸಿ ತಂದೆ. ಏನಾದರೂ ಹೇಳಬೇಕಿತ್ತು.
ಕೇಳಿದ್ದು ಇಷ್ಟು:
ಹಾರ ಇರಲಾ, ತೆಗೀಲಾ?