ಚೀಲದ ತೂಕ

ಎಷ್ಟು ದಿನ ಮಾಡಬೇಕು ಅಂತ
ಮೊದಲು ಕೇಳಿದ್ದು ನಾನೇ.
ಹಾಸನದ ದೊಡ್ಡಾಸ್ಪತ್ರೆ, ಚೀಟಿ ಕೌಂಟರಿನ ಪಕ್ಕ
ಗಂಗಾಮಣಿ ಸಿಸ್ಟರ್ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದರು
ಸ್ಕೇಲಿಲ್ಲದೆ, ಎಕ್ಸ್‌ರೇ ಕವರಿನ ಅಂಚಿಟ್ಟು.
ತಲೆ ಎತ್ತದೆ ಅಂದರು: "ಏನನ್ನ?"

ನೀಟಿನಲ್ಲಿ ಒಮ್ಮೆ ಬಿದ್ದವಳು ನಾನು.
ಬಿದ್ದದ್ದು ಅಂದರೆ ನಾನೂರ ಹನ್ನೊಂದು:
ನಮ್ಮ ಬೀದಿಯಲ್ಲಿ ಅದು ಪಾಸು,
ಕಾಲೇಜಿನ ಗೇಟಿನಲ್ಲಿ ಅಲ್ಲ.
ಮೂರು ತಿಂಗಳು ಸೇವೆ ಮಾಡು,
ಸೀಲು ಹಾಕಿದ ಸರ್ಟಿಫಿಕೇಟು ಸಿಗುತ್ತೆ,
ಎಲ್ಲಾದರೂ ಉಪಯೋಗಕ್ಕೆ ಬಂದೀತು ಅಂದಿದ್ದ ಅತ್ತೆಯ ಮಗ.
"ಅರ್ಜಿಯಲ್ಲಿ ಅದಕ್ಕೆ ಕಾಲಂ ಎಲ್ಲಿದೆ ತೋರಿಸು"
ಅಂದರು ಕೋಚಿಂಗಿನ ಫಿಸಿಕ್ಸ್ ಮೇಷ್ಟ್ರು,
"ಆ ಹೊತ್ತಲ್ಲಿ ಆಪ್ಟಿಕ್ಸ್ ಮುಗಿಸು."
ಇರಲಿಲ್ಲ ಕಾಲಂ.
ಕೆಳಗಿನಿಂದ ಮೇಲಕ್ಕೂ ಒಂದು ಸಲ ಹುಡುಕಿದೆ.

ಆದರೂ ಹೋದೆ. ಬೆಳಗ್ಗೆ ಎಂಟರಿಂದ ಹನ್ನೊಂದು.
ನನ್ನ ಕೈಗೆ ಕೊಟ್ಟದ್ದು ಒಂದು ಗಾಲಿಕುರ್ಚಿ.
ಅದರ ಮುಂದಿನ ಚಕ್ರ ಎಡಕ್ಕೇ ಎಳೆಯುತ್ತಿತ್ತು,
ಎಡಗೈ ಬಲವಾಗಿ ನೂಕಿದರೆ ಮಾತ್ರ ನೆಟ್ಟಗೆ.
ಮೊದಲ ವಾರದಲ್ಲೇ ಗುದ್ದಿದೆ
ಎರಡು ಬಾಗಿಲಿಗೆ, ಒಂದು ಹೆಬ್ಬೆರಳಿಗೆ.
ಹೆಬ್ಬೆರಳಿನ ಯಜಮಾನರು ಅಂದದ್ದು
ಯಾವ ಗೈಡಿನಲ್ಲೂ ಇಲ್ಲ.

ಆಲೂರಿನ ತಿರುಮಲಶೆಟ್ಟರು
ಮಂಗಳವಾರ, ಶುಕ್ರವಾರ ಡಯಾಲಿಸಿಸ್ಸಿಗೆ.
ಒಳಗಿದ್ದಷ್ಟು ಹೊತ್ತು ಅವರ ಚಪ್ಪಲಿ ಕಾಯುವುದೂ ನನ್ನದೇ.
ಆಗಲೇ ಎರಡು ಜೊತೆ ಕಳುವಾಗಿತ್ತು.
ರಿಪೋರ್ಟು ಚಾಚಿ ಕೇಳುತ್ತಿದ್ದರು,
"ಏನಂತವ್ವ, ಇಳಿದೈತಾ?"
ನೆಫ್ರಾನಿನ ಚಿತ್ರ ಕಣ್ಣು ಮುಚ್ಚಿ ಬರೆಯಬಲ್ಲೆ,
ಭಾಗಗಳ ಹೆಸರು ಸಮೇತ, ಐದು ಅಂಕಕ್ಕೆ.
ಆ ಒಂದು ಸಂಖ್ಯೆ ಮಾತ್ರ ಬಾಯಿಗೆ ಬರಲಿಲ್ಲ.
"ಡಾಕ್ಟ್ರು ಹೇಳ್ತಾರೆ ತಾತ."
"ಈಗ್ಲೇ ಡಾಕ್ಟ್ರಂಗೆ ಜಾರ್ಕತೀಯ ಬಿಡು."

ಮೂವತ್ತೆಂಟನೆಯ ದಿನ
ಸುಟ್ಟಗಾಯದ ವಾರ್ಡಿನ ಬಾಗಿಲು ಯಾರೋ ತೆರೆದರು.
ವಾಸನೆ ಬಂತು, ಹಿಂದೆಯೇ ಒಂದು ಮಗುವಿನ ದನಿ.
ಕುರ್ಚಿ ಅಲ್ಲೇ ಬಿಟ್ಟು
ಬಸ್ ಸ್ಟ್ಯಾಂಡಿನವರೆಗೆ ಓಡಿದ್ದೇನೆ.
ಹನ್ನೊಂದು ದಿನ ಆ ಕಡೆ ತಲೆ ಹಾಕಲಿಲ್ಲ.
ಆಪ್ಟಿಕ್ಸ್ ಮುಗಿಸಿದೆ.

ವಾಪಸು ಹೋದಾಗ ಶೆಟ್ಟರು ಬರಿಗಾಲಲ್ಲಿದ್ದರು.
"ಮೂರ್ನೇ ಜೊತೇನೂ ಹೋಯ್ತು ಕಣವ್ವ."
ಅಷ್ಟೇ. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ.
ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ
ಹನ್ನೊಂದು ಮನೆ ಖಾಲಿ.
"ಆಬ್ಸೆಂಟ್ ಹಾಕಲಿಲ್ವಾ ಸಿಸ್ಟರ್?"
"ಸಂಬಳ ಇಲ್ದೋರಿಗೆ ಎಲ್ಲಿಯ ಆಬ್ಸೆಂಟು,
ಮೂರನೇ ನಂಬರಿಗೆ ಕುರ್ಚಿ ತಗೊಂಡು ಹೋಗು."

ಏಪ್ರಿಲ್ ಕೊನೆಗೆ ಪತ್ರ ಕೊಟ್ಟರು. ಸೀಲಿತ್ತು, ಸಹಿಯಿತ್ತು,
ಕುಮಾರಿ ಇಂಪನ ಎಂಬುವರು ಇಂತಹ ದಿನದಿಂದ
ಇಂತಹ ದಿನದವರೆಗೆ ಅನ್ನುವಲ್ಲಿ ಬರೀ ಚುಕ್ಕಿ.
"ನೀನೇ ತುಂಬ್ಕೊ."

ಅಪ್ಪ ಎಪಿಎಂಸಿಯಲ್ಲಿ ತೂಕದವರು.
ಬಿತ್ತನೆ ಆಲೂಗೆಡ್ಡೆ ಲಾರಿಯಿಂದ ಇಳಿಯುವುದೂ
ನನ್ನ ಪರೀಕ್ಷೆಯೂ ಪ್ರತಿವರ್ಷ ಒಂದೇ ವಾರ.
ರಾತ್ರಿ ಮಣ್ಣುಗೈ ತೊಳೆಯುತ್ತಾ ಕೇಳಿದರು, "ಎಷ್ಟಾಯ್ತು?"
ನೂರಾ ಎಂಬತ್ತು ದಿನ ಅಂದೆ.
"ಚೀಲದ ತೂಕ ಕಳೆದಾ?"

ಕಳೆಯುತ್ತಾ ಕೂತೆ.
ಸರ್ಟಿಫಿಕೇಟಿಗೆಂದೇ ಹೋದ ದಿನ.
ಗಾಲಿಕುರ್ಚಿಯ ಜೊತೆ ಫೋಟೋ ತೆಗೆದು ಸ್ಟೇಟಸ್ ಹಾಕಿದ ದಿನ.
ಹತ್ತೂವರೆಯಿಂದಲೇ ಗಡಿಯಾರ ನೋಡಿದ ದಿನಗಳು,
ಅವೇ ಹೆಚ್ಚು.
ಅಪ್ಪ ಟವಲು ಹುಡುಕುತ್ತಾ ಕೂಗಿದರು:
"ಚೀಲ ಒದ್ದೆಯಾಗಿದ್ರೆ ಇನ್ನೂ ಅರ್ಧ ಕೇಜಿ ತೆಗಿ."
ಬಿಟ್ಟೆ. ಪತ್ರವನ್ನು ಹಾಗೇ ಫಿಸಿಕ್ಸ್ ಗೈಡಿನೊಳಗಿಟ್ಟೆ.

ಭಾನುವಾರ ಪರೀಕ್ಷೆ ಬರೆದೆ. ಹೇಗೆ ಅಂತ ಕೇಳಬೇಡಿ.
ಸೋಮವಾರ ಮಲಗಿದೆ.
ಮಂಗಳವಾರ ಎಂಟಕ್ಕೆ ಹೋದರೆ
ಯಾರೋ ಪುಣ್ಯಾತ್ಮರು ಚಕ್ರ ರಿಪೇರಿ ಮಾಡಿಸಿದ್ದರು.
ಶೆಟ್ಟರನ್ನು ಕೂರಿಸಿದೆ, ಚಪ್ಪಲಿ ಅವರ ಮಡಿಲಲ್ಲಿಟ್ಟೆ.
ಎಡಗೈಗೆ ಇದೆಲ್ಲ ಗೊತ್ತಿಲ್ಲವಲ್ಲ,
ಅದು ತನ್ನ ಪಾಡಿಗೆ ಬಲವಾಗಿ ನೂಕಿತು.
ನೆಟ್ಟಗಿದ್ದ ಕುರ್ಚಿ ಬಲಕ್ಕೆ ತಿರುಗಿ ಗೋಡೆಗೆ ಹೊಡೆಯಿತು.

ಶೆಟ್ಟರು ಬಿದ್ದ ಚಪ್ಪಲಿ ತೋರಿಸಿ
ಹಿಂದೆ ತಿರುಗಿ ನೋಡಿದರು:
"ಇವತ್ತೇ ಸೇರ್ಕೊಂಡ್ಯೇನವ್ವ?"