ರಫ್ ಕಟ್

ಹಾಸನದ ಎಪಿಎಂಸಿ ಯಾರ್ಡು, ಹನ್ನೊಂದನೇ ಶೆಡ್ಡು.
ಜಲಂಧರದ ಲಾರಿ ಬಂದಿಳಿದರೆ ಇದರ ತುಂಬ ಬಿತ್ತನೆ ಆಲೂಗಡ್ಡೆ.
ಮಿಕ್ಕ ದಿನ ಇವರು ನಾಲ್ವರು:
ಡ್ರಮ್ಮಿಗೆ ಮುನಾವರ್, ಬೇಸಿಗೆ ಜೋವಿಟಾ,
ಗಿಟಾರಿಗೆ ಮಂಡಿ ಸಾಹುಕಾರರ ಮಗ ದಯಾಕರ,
ಹಾಡುವುದಕ್ಕೆ ಕೆಇಬಿ ಲೈನ್‌ಮನ್ ಜವರೇಶ.
ಬ್ಯಾಂಡಿಗೆ 'ಲೋ ವೋಲ್ಟೇಜ್' ಅಂತ ಹೆಸರಿಟ್ಟವನು ಅವನೇ,
ಕರೆಂಟು ತೆಗೆಯುವವನೂ ಅವನೇ.

ನಾಲ್ಕು ವರ್ಷದಿಂದ ನಾನು ಕ್ಯಾಮೆರಾ ಹಿಡಿದು ಮೂಲೆಯಲ್ಲಿ.
ಮೊದಲ ವರ್ಷ ನನ್ನತ್ತ ನೋಡಿ ನಗುತ್ತಿದ್ದರು,
ಆಮೇಲೆ ಮರೆತರು.
ಮೂರನೇ ವರ್ಷ ಜೋವಿಟಾ ಲೆನ್ಸಿಗೆ ಕೈ ಅಡ್ಡ ಹಿಡಿದು
"ಇದನ್ನ ಹಾಕ್ಬೇಡ" ಅಂದಳು.
ಅದನ್ನೇ ಟ್ರೈಲರಿಗೆ ಹಾಕಿದೆ.

ಮೊದಲ ಆಲ್ಬಮ್ಮು, ಒಂಬತ್ತು ಹಾಡು.
ಯುಗಾದಿಗೆ ಬರುತ್ತದೆ ಅಂತ ಎರಡು ಯುಗಾದಿ ಹೇಳಿದ್ದಾಯಿತು.
ಸ್ಟುಡಿಯೋ ಬಾಕಿ ಹದಿನೆಂಟು ಸಾವಿರ;
ಮುನಾವರ್ ಸ್ನೇರ್ ಮಾರಿ ಹನ್ನೊಂದು ಕಟ್ಟುವಷ್ಟರಲ್ಲಿ
ಅವರ ಹಾರ್ಡ್ ಡಿಸ್ಕಿನ ಮೇಲೆ ಮದುವೆಯೊಂದು ಕೂತುಬಿಟ್ಟಿತ್ತು.
ಚನ್ನರಾಯಪಟ್ಟಣದ ಯಾರದೋ ಧಾರೆ:
ಏಳನೆಯ ಹಾಡಿನ ಜಾಗದಲ್ಲಿ
ಅಕ್ಷತೆ ಬೀಳುತ್ತಿದೆ, ಸದ್ದಿಲ್ಲದೆ.

ಕಳೆದ ಗುರುವಾರ ಜವರೇಶ ಬಂದ,
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.
"ನಿನ್ ಹತ್ರ ಇರ್ಬೇಕಲ್ವೇನೋ, ಏಳನೇದು?"

ಇತ್ತು.
ಎರಡು ವರ್ಷ ಹಿಂದಿನ ಒಂದು ಸಂತೆ ಮಂಗಳವಾರ,
ಹೊರಗೆ ಹರಾಜು ಕೂಗುವವನ
"ಒಂಬೈನೂರ ಹತ್ತು, ಹತ್ತು, ಹತ್ತು"
ಇವನ ಮೇಲಿನ ಸ್ವರದೊಳಗೆ ಸಿಕ್ಕಿಕೊಂಡು
ಯಾವ ಫಿಲ್ಟರಿಗೂ ಬಿಡಿಸಲು ಬಾರದು.
ಮುನಾವರ್ ಒಂದು ಏಟು ತಡೆದು
ಆ ಕೂಗಿಗೇ ತಾಳ ಹಾಕಿದ್ದಾನೆ.

ಇದೆ ಅನ್ನಲು ನನಗೆ ಎಷ್ಟು ಹೊತ್ತಾಯಿತೆಂದರೆ
ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು.
ನನ್ನ ಚಿತ್ರದ ಕೊನೆ ಆಗಲೇ ಸಿದ್ಧವಿತ್ತಲ್ಲ:
ಖಾಲಿ ಶೆಡ್ಡು, ನೆಲದ ಮೇಲೆ ಮೊಳಕೆಯೊಡೆದ ಒಂದೇ ಗಡ್ಡೆ,
ಮೆಲ್ಲಗೆ ಕತ್ತಲು.
ನೋಡಿ ನಾನೇ ಎರಡು ಸಲ ಕಣ್ಣೊರೆಸಿಕೊಂಡಿದ್ದೆ.
ಆಲ್ಬಮ್ ಬಂದುಬಿಟ್ಟರೆ ಆ ಶಾಟು ಸುಳ್ಳು.
(ಆ ಗಡ್ಡೆಯನ್ನು ಅಲ್ಲಿ ತಂದಿಟ್ಟವನೂ ನಾನೇ.)

ಪೆನ್ ಡ್ರೈವಿಗೆ ಹಾಕಿಕೊಟ್ಟೆ.
ಖಾಕಿ ಜೇಬಿಗೆ ತುರುಕಿಕೊಂಡು ಜವರೇಶ ಕೇಳಿದ:
"ಇದನ್ನೂ ಶೂಟ್ ಮಾಡ್ತಾ ಇದ್ದೀಯಾ?"
ಇಲ್ಲ ಅಂದೆ.

ಮೇಜಿನ ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.
ಅವನೇ ಬಗ್ಗಿ ಆರಿಸಿದ,
ಕಂಬದ ಮೇಲೆ ಯಾರಾದರೂ ಇದ್ದಾರೇನೋ
ಎಂಬಂಥ ಜಾಗರೂಕತೆಯಲ್ಲಿ.