ಮುದ್ದೆಮಾಲು

ಹೆಡ್ಡು ಬಸಲಿಂಗಪ್ಪ ಬಯಲುಸೀಮೆಯವರು.
ನನ್ನ ಡ್ರಮ್ಮನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ
ಸುತ್ತಳತೆಗೆ ಟೇಪು ಹಿಡಿದು ಮಹಜರು ಬರೆಯುತ್ತ
ಪೆನ್ನು ಕಚ್ಚಿಕೊಂಡು ಕೇಳಿದರು:
"ಅಳತಿ ಆತು, ಬಣ್ಣ ಆತು. ಸಪ್ಪಳಕ ಏನಂತ ಬರೀಲಿ?"

ನಾನು ಎಂಥ ಹೇಳುವುದು.
ಇಪ್ಪತ್ತೆರಡು ವರ್ಷ ಅದನ್ನು ಹೊಟ್ಟೆಗೆ ಕಟ್ಟಿಕೊಂಡು
ರೋಸಿಗೆ, ಮದುವೆಗೆ, ಶವಪೆಟ್ಟಿಗೆಯ ಹಿಂದೆ ನಡೆದವನು.
ಕಿವಿಯಿಂದ ಕೇಳಿದ್ದು ಕಡಿಮೆ,
ಎದೆಗೆ ತಾಗುತ್ತದೆ, ಅಷ್ಟೇ.
"ದುಮ್ಮು ಅಂತ ಬರೆಯಿರಿ ಸರ್."
ಅವರು ಬರೆದದ್ದು: ಕರ್ಕಶ.

ಕುಲಶೇಖರದಲ್ಲಿ ಮುಚ್ಚಿದ ಹೆಂಚಿನ ಕಾರ್ಖಾನೆಯೊಂದರ ಶೆಡ್ಡು.
ಊರಿಗೆಲ್ಲ ಹೆಂಚು ಸುಟ್ಟ ಜಾಗಕ್ಕೆ ಈಗ ತಗಡಿನ ಮಾಡು.
ಮೂರು ಗಂಟೆಗೆ ಎದ್ದು ದಕ್ಕೆಯಲ್ಲಿ ಮೀನು ಇಳಿಸಿದವರು,
ಐಸ್ ಪ್ಲಾಂಟಿನ ಸಿಪ್ರಿಯನ್, ವೆಲ್ಡಿಂಗಿನ ಗ್ರೆಗರಿ,
ಕೈ ತೊಳೆದರೂ ಹೋಗದ ಬೂತಾಯಿ ವಾಸನೆಯಲ್ಲಿ
ಟ್ರಂಪೆಟ್ಟು ಹಿಡಿಯುತ್ತಿದ್ದೆವು, ಹನ್ನೊಂದು ಗಂಟೆಗೆ.
ಹಗಲು ಹನ್ನೊಂದು!
ಅದೇ ನನ್ನ ವಾದ. ಬೇರೆ ವಾದ ನನ್ನಲ್ಲಿ ಇರಲಿಲ್ಲ.

ದೂರು ಕೊಟ್ಟವರು ಜಲಜಾಕ್ಷಿ, ಹಿಂದಿನ ಓಣಿಯವರು,
ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು.
ಎರಡು ಸಲ ಗೇಟಿನ ತನಕ ಬಂದು ಕೂಗಿದ್ದರಂತೆ.
ನಮಗೆ ಕೇಳಿಸಲಿಲ್ಲ.

"ತಪ್ಪಾತು ಅನ್ರಿ, ಐನೂರು ಕಟ್ರಿ, ಸಂಜಿಗೆ ಡ್ರಮ್ ಒಯ್ರಿ"
ಎಂದರು ಬಸಲಿಂಗಪ್ಪ. ಒಳ್ಳೆಯ ಮನುಷ್ಯ.
ನಾನು ಇಲ್ಲ ಎಂದೆ.
ವಕೀಲ ಮಯ್ಯರಿಗೆ ಖುಷಿಯೋ ಖುಷಿ.
ಹಾಗೆ ಡ್ರಮ್ಮು ಒಂದು ಮಳೆಗಾಲ ಇಡೀ
ಕಳ್ಳಭಟ್ಟಿಯ ಕ್ಯಾನು, ನಂಬರಿಲ್ಲದ ಬೈಕುಗಳ ನಡುವೆ
ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಕೂತಿತು.
ತಿಂಗಳಿಗೊಂದು ತಾರೀಕು. ಒಮ್ಮೆ ಜಡ್ಜು ರಜೆ,
ಒಮ್ಮೆ ಮಯ್ಯರಿಗೆ ಜ್ವರ, ಒಮ್ಮೆ ಕಡತ ಸಿಗಲಿಲ್ಲ.

ನಾಲ್ಕನೆಯ ತಾರೀಕಿಗೆ ಸಾಕ್ಷಿಯೆಂದು ಅವರಿಗೂ ಸಮನ್ಸು.
ಡ್ಯೂಟಿಯಿಂದ ನೇರ ಬಂದಿದ್ದರು, ಕೈಯಲ್ಲಿ ಖಾಲಿ ಟಿಫಿನ್ನು.
ವರಾಂಡದಲ್ಲಿ ಇದ್ದದ್ದೇ ಒಂದು ಬೆಂಚು.
ಆ ತುದಿಗೆ ಅವರು, ಈ ತುದಿಗೆ ನಾನು.
ಟೈಪು ಮಿಶನ್ನು ಟಕಟಕ, ಸೀಲು ಧಡಧಡ,
ಜಾಗದ ತಕರಾರಿನ ಅಣ್ಣತಮ್ಮಂದಿರ ಬೊಬ್ಬೆ,
ಒಂದೊಂದು ಹೆಸರನ್ನೂ ಮೂರು ಮೂರು ಸಲ ಕಿರುಚುವ ಜವಾನ.
ಅಷ್ಟರ ನಡುವೆ
ಅವರು ಗೋಡೆಗೆ ತಲೆ ಕೊಟ್ಟು ನಿದ್ದೆ ಹೋದರು.

ಮಯ್ಯರು ಕಿವಿಯಲ್ಲಿ ಉಸುರಿದರು:
"ನೋಡಿದಿರಾ ವಲೇರಿಯನ್, ಇದೇ ನಮ್ಮ ಪಾಯಿಂಟು!"

ನಾನು ನೋಡಿದ್ದು ಬೇರೆ.
ಮಡಿಲಲ್ಲಿ ಬಿಚ್ಚಿಕೊಂಡ ಅಂಗೈ,
ಅದರ ಮೇಲೆ ನೀಲಿ ಪೆನ್ನಿನಲ್ಲಿ
೧೪. ಕೆಳಗೆ ೪-೧೦.
ಹದಿನಾಲ್ಕನೆಯ ಬೆಡ್ಡಿಗೆ ನಾಲ್ಕೂ ಹತ್ತಕ್ಕೆ
ಇಂಜೆಕ್ಷನ್ನೋ, ಇನ್ನು ಯಾವ ಇಂಜೆಕ್ಷನ್ನೂ ಬೇಡವಾದದ್ದೋ.
ಮುಂದಿನ ವಾರ ನಾವು ಯಾರ ಹಿಂದೆ ನಡೆಯಬೇಕೆಂದು
ನಮಗಿಂತ ಮೊದಲು ತಿಳಿಯುವುದು ಇವರಿಗೆ.
ನಾಲ್ಕೂ ಹತ್ತಕ್ಕೆ ನಾನು ಐಸು ಹೊರುತ್ತಿದ್ದೆ.
ಊರಲ್ಲಿ ಎದ್ದಿದ್ದವರು ನಾವಿಬ್ಬರೇ ಏನೋ.

ನನ್ನ ಹೆಸರು ಮೂರು ಸಲ.
ಒಳಗೆ ಹೋಗಿ ನಿಂತೆ. ಒಪ್ಪಿಕೊಂಡೆ ಸ್ವಾಮಿ, ಎಂದೆ.
"ಜೋರಾಗಿ ಹೇಳ್ರಿ, ಕೇಳಿಸ್ತಿಲ್ಲ" ಎಂದರು ಜಡ್ಜು.
ಕಿಟಕಿಯ ಆಚೆ ಬೆಂಚು ಕಾಣುತ್ತಿತ್ತು.
ಇನ್ನೊಮ್ಮೆ ಹೇಳಿದೆ, ಅಷ್ಟೇ ಮೆಲ್ಲಗೆ.
ಮಯ್ಯರು ಈಗಲೂ ನನ್ನೊಡನೆ ಮಾತಾಡುವುದಿಲ್ಲ.

ಮರುದಿನ ಠಾಣೆ. ರಶೀದಿಯಲ್ಲಿ ಅಚ್ಚಾಗಿತ್ತು:
ಮಾಲನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ.
"ಒಮ್ಮಿ ಬಾರಿಸಿ ನೋಡ್ರಿ, ಆಮೇಲೆ ಸಹಿ ಹಾಕ್ರಿ."
ಚರ್ಮ ಸಡಿಲ, ಅಂಚಿಗೆ ಬೂಸಲು.
ಗಡಿಯಾರದಲ್ಲಿ ಹನ್ನೊಂದೂವರೆ.
ಬಾರಿಸದೆ ಸಹಿ ಹಾಕಿದೆ.

ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಎರಡು ಟಿಕೆಟು ಹರಿದ,
ನನಗೊಂದು, ಅದಕ್ಕೊಂದು.
ನಂತೂರಿನ ಗುಂಡಿಯಲ್ಲಿ ಚಕ್ರ ಇಳಿದದ್ದೇ
ಅದು ತಾನಾಗಿಯೇ ಒಮ್ಮೆ, ದುಮ್ಮು.
ಯಾರೂ ತಿರುಗಿ ನೋಡಲಿಲ್ಲ.